ಇಪ್ಪತ್ತೇಳು ಸಲ ತಪ್ಪಿದ ಬುಟ್ಟಿ: ಹ್ಯೂಸ್ಟನ್ ರಾಕೆಟ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಏಳನೇ ಪಂದ್ಯ ಸೋತ ಬಗ್ಗೆ ಇಲ್ಲಿ ಮಾತಾಡೋಣ

ಕೆಂಪು_ಜೆರ್ಸಿ (ಬೆಂಗಳೂರು) · 29 ಮೇ 2018, ಬೆಳಿಗ್ಗೆ 9:40

ಟಿವಿ ಆರಿಸಿ ಅರ್ಧ ಗಂಟೆ ಆಯಿತು. ಇನ್ನೂ ಅದರ ಮುಂದೆಯೇ ಕೂತಿದ್ದೇನೆ. ಉಪ್ಪಿಟ್ಟು ತಟ್ಟೆಯಲ್ಲೇ ಆರಿಹೋಗಿದೆ. ಆಫೀಸಿಗೆ ಹೋಗಲು ಮನಸ್ಸೇ ಬರುತ್ತಿಲ್ಲ.

101-92. ಅದೂ ಟೊಯೋಟಾ ಸೆಂಟರ್‌ನಲ್ಲಿ, ನಮ್ಮದೇ ಅಂಗಳದಲ್ಲಿ.

ಈ ಸೀಸನ್‌ನಲ್ಲಿ 65 ಪಂದ್ಯ ಗೆದ್ದ ತಂಡ ಇದು. ರಾಕೆಟ್ಸ್ ಇತಿಹಾಸದಲ್ಲೇ ಇಷ್ಟು ಯಾವತ್ತೂ ಗೆದ್ದಿರಲಿಲ್ಲ. ಅಮೆರಿಕದ ಎನ್‌ಬಿಎ ಲೀಗ್‌ನ ಕಾನ್ಫರೆನ್ಸ್ ಫೈನಲ್, ಅಂದರೆ ಸೆಮಿಫೈನಲ್ ಇದ್ದ ಹಾಗೆ. ಏಳು ಪಂದ್ಯದ ಆ ಸರಣಿಯಲ್ಲಿ ವಾರಿಯರ್ಸ್ ಮೇಲೆ 3-2 ಮುಂದಿದ್ದೆವು. ಇನ್ನೊಂದೇ ಒಂದು ಗೆದ್ದಿದ್ದರೆ ಫೈನಲ್ಸ್. ಅದಕ್ಕೆ ಎರಡು ಅವಕಾಶ ಸಿಕ್ಕವು. ಎರಡರಲ್ಲೂ ಅರ್ಧ ಆಟ ಮುಗಿದಾಗ ನಾವೇ ಮುಂದೆ. ಆರನೇ ಪಂದ್ಯದಲ್ಲಿ 61-51, ಇವತ್ತು 54-43. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದು ಇದೇ.

ನನ್ನ ಮಗಳಿಗೆ ಒಂಬತ್ತು ವರ್ಷ. ಶಾಲೆ ಇನ್ನೂ ಶುರುವಾಗಿಲ್ಲ, ಅದಕ್ಕೆ ನನ್ನ ಜೊತೆ ಆರೂವರೆಗೇ ಎದ್ದು ಕೂತಿದ್ದಳು. ಎರಡನೇ ಕ್ವಾರ್ಟರ್‌ನಲ್ಲಿ ತ್ರೀಗಳು (ದೂರದ ಗೆರೆಯಾಚೆಯಿಂದ ಎಸೆಯುವ ಮೂರು ಪಾಯಿಂಟ್ ಶಾಟ್‌ಗಳು) ಒಂದರ ಹಿಂದೆ ಒಂದು ತಪ್ಪತೊಡಗಿದಾಗ ಗೋಡೆ ಕ್ಯಾಲೆಂಡರ್‌ನ ಏಪ್ರಿಲ್ ಹಾಳೆ ಹರಿದು ತಂದಳು. ಅದರ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾ ಹೋದಳು. ನಾಲ್ಕು ಗೀಟು, ಅದರ ಮೇಲೆ ಅಡ್ಡ ಒಂದು, ಒಂದು ಕಟ್ಟು. ಮೂರನೇ ಕ್ವಾರ್ಟರ್ ಪೂರ್ತಿ ಬರೀ ಗೀಟು. ಐದನೇ ಕಟ್ಟು ಕಟ್ಟಿದ ಮೇಲೆ "ಅಪ್ಪ, ಇನ್ನೂ ಹಾಕಬೇಕಾ?" ಅಂತ ಕೇಳಿದಳು. ಏನು ಹೇಳಲಿ? ಆಮೇಲೂ ಎರಡು ಹಾಕಿದಳು. ಇಪ್ಪತ್ತೇಳು. ಸತತವಾಗಿ ಇಪ್ಪತ್ತೇಳು ತ್ರೀ ತಪ್ಪಿದವು.

ಒಟ್ಟು 44 ಎಸೆತಕ್ಕೆ 7. ಯಾಕೆ ಹೀಗಾಯಿತು? ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಪಿಯರ್‌ಲ್ಯಾಂಡ್_ಅಣ್ಣ (ಟೆಕ್ಸಾಸ್) · 29 ಮೇ 2018

ನಾನು ಅಲ್ಲೇ ಇದ್ದೆ. ಮೇಲಿನ ಸಾಲಿನ ಸೀಟು. ಮೆಮೋರಿಯಲ್ ಡೇ ರಜೆ, ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೆ. ಈಗ ಇಲ್ಲಿ ಮಧ್ಯರಾತ್ರಿ ದಾಟಿದೆ, ನಿದ್ದೆ ಬರುತ್ತಿಲ್ಲ.

ಟಿವಿಯಲ್ಲಿ ಕಾಣದ ಒಂದು ವಿಷಯ ಹೇಳುತ್ತೇನೆ. ನಮ್ಮ ಅರೀಜಾ ಅಥವಾ ಗಾರ್ಡನ್ ಕೈಗೆ ಚೆಂಡು ಬಂದು, ಎದುರಿಗೆ ಯಾರೂ ಇಲ್ಲ ಅಂದ ತಕ್ಷಣ ಹದಿನೆಂಟು ಸಾವಿರ ಜನ ಒಟ್ಟಿಗೆ ಅರ್ಧ ಏಳುತ್ತಿದ್ದೆವು. ಮೊಣಕಾಲು ಬಗ್ಗಿಸಿಕೊಂಡು, ಕೈ ಮೇಲೆತ್ತಿಕೊಂಡು, ಉಸಿರು ಬಿಗಿಹಿಡಿದು. ಟಣ್ ಅಂತ ರಿಂಗಿಗೆ ಬಡಿದ ಸದ್ದು. ಮತ್ತೆ ಕೂರುವುದು. ಮೊದಲೆಲ್ಲ "ಛೇ" ಅನ್ನುತ್ತಿದ್ದೆವು. ಮೂರನೇ ಕ್ವಾರ್ಟರ್ ಕೊನೆಗೆ ಅದೂ ನಿಂತುಹೋಯಿತು. ಅಷ್ಟು ದೊಡ್ಡ ಜಾಗದಲ್ಲಿ ಚೆಂಡಿನ ಸದ್ದು ನಮ್ಮ ಸಾಲಿಗೂ ಕೇಳುತ್ತಿತ್ತು ಅಂದರೆ ನೋಡಿ.

ನಾಲ್ಕನೇ ಕ್ವಾರ್ಟರ್‌ನಲ್ಲಿ ನಮ್ಮ ಟಕರ್ ಒಂದು ತ್ರೀ ಹಾಕಿದರಲ್ಲ, ಕೊನೆಗೂ ಬರ ಮುಗಿಯಿತಲ್ಲ, ಆಗ ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು ಅತ್ತುಬಿಟ್ಟರು. ಗೆಲ್ಲುತ್ತೇವೆ ಅಂತಲ್ಲ. ಒಂದಾದರೂ ಬಿತ್ತಲ್ಲ ಅಂತ.

ಈ ಊರಿಗೆ ಇದು ಬೇಕಿತ್ತು. ಹೋದ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದು ಹೋದ ಮೇಲೆ ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳ ಗೋಡೆ ಒಡೆದು ಮತ್ತೆ ಕಟ್ಟಬೇಕಾಯಿತು. ನವೆಂಬರ್‌ನಲ್ಲಿ ಬೇಸ್‌ಬಾಲ್‌ನಲ್ಲಿ ಆಸ್ಟ್ರೋಸ್ ಗೆದ್ದಾಗ ಊರೇ ಬೀದಿಗೆ ಬಂದಿತ್ತು. ಈಗ ರಾಕೆಟ್ಸ್ ಸರದಿ ಅಂತ ಎಲ್ಲರೂ ಕಾಯುತ್ತಿದ್ದರು. ಅಂಗಡಿಯವರಿಂದ ಹಿಡಿದು ದೇವಸ್ಥಾನಕ್ಕೆ ಬರುವ ಅಜ್ಜಿಯರವರೆಗೂ.

ಗೆರೆಯಾಚೆ (ಮೈಸೂರು) · 29 ಮೇ 2018

ಬೇಜಾರಾಗುತ್ತೆ, ಆದರೂ ಹೇಳಲೇಬೇಕು. ಇದು ನಮ್ಮ ಕೋಚ್ ಡಿಆಂಟೊನಿ ತಪ್ಪು. ತ್ರೀ ಬೀಳುತ್ತಿಲ್ಲ ಅಂತ ಕಣ್ಣಿಗೆ ಕಾಣುತ್ತಿದೆ. ಹಾಗಿದ್ದ ಮೇಲೆ ಒಳಗೆ ನುಗ್ಗಿ, ಎರಡು ಪಾಯಿಂಟ್ ತಗೊಳ್ಳಿ, ಫೌಲ್ ತಗೊಳ್ಳಿ. ಕಪೇಲಾ 20 ಪಾಯಿಂಟ್ ಹಾಕಿದ್ದಾನೆ, ಅವನಿಗೆ ಇನ್ನಷ್ಟು ಕೊಡಿ. 15 ತಪ್ಪಿದ ಮೇಲೂ 16ನೆಯದನ್ನು ಎಸೆಯುವುದು ಹಟ, ಆಟ ಅಲ್ಲ.

ಇಡೀ ವರ್ಷ ಇದೇ ಮಾಡಿದ್ದು. ಲೀಗ್ ಇತಿಹಾಸದಲ್ಲಿ ಎರಡು ಪಾಯಿಂಟ್ ಶಾಟ್‌ಗಿಂತ ಮೂರು ಪಾಯಿಂಟ್ ಶಾಟ್ ಜಾಸ್ತಿ ಎಸೆದ ಮೊದಲ ತಂಡ ನಮ್ಮದೇ. ಪಂದ್ಯಕ್ಕೆ 42ರ ಮೇಲೆ. ಬೀಳುವ ದಿನ ಚೆನ್ನ. ಬೀಳದ ದಿನಕ್ಕೆ ಕೈಯಲ್ಲಿ ಬೇರೆ ಏನಾದರೂ ಇರಬೇಕು ಅಲ್ವಾ?

ಲೆಕ್ಕದ_ಪುಸ್ತಕ · 29 ಮೇ 2018

ಗೆರೆಯಾಚೆ ಅವರೇ, ಒಂದು ನಿಮಿಷ. ಆ 42 ಎಸೆತಗಳೇ ನಮ್ಮನ್ನು 65 ಗೆಲುವಿಗೆ ಕರೆದುಕೊಂಡು ಹೋದದ್ದು.

ಲೆಕ್ಕ ಹಾಕಿ. ಸೀಸನ್ ಪೂರ್ತಿ ನಾವು ನೂರಕ್ಕೆ 36 ತ್ರೀ ಹಾಕಿದ್ದೇವೆ. ಆ ದರದಲ್ಲಿ 44ಕ್ಕೆ 16 ಬೀಳಬೇಕು. ಬಿದ್ದದ್ದು 7. ಒಂಬತ್ತು ತ್ರೀ ಕಡಿಮೆ, ಅಂದರೆ 27 ಪಾಯಿಂಟ್. ಸೋತದ್ದು 9 ಪಾಯಿಂಟ್‌ನಿಂದ. ಇನ್ನು ನಾಲ್ಕೇ ನಾಲ್ಕು ಬಿದ್ದಿದ್ದರೂ ಗೆಲ್ಲುತ್ತಿದ್ದೆವು. ವಾರಿಯರ್ಸ್ 39 ಎಸೆದು 16 ಹಾಕಿದರು. ಅಲ್ಲಿಗೆ ತ್ರೀಯಿಂದ ಅವರಿಗೆ 48, ನಮಗೆ 21.

ಆದರೆ ಒಂದು ವಿಷಯ ನನಗೂ ಬಗೆಹರಿಯುತ್ತಿಲ್ಲ. ನೂರಕ್ಕೆ 36 ಹಾಕುವ ತಂಡ ಸತತ 27 ತಪ್ಪಿಸುವ ಸಂಭವ ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ಬರೀ ದುರದೃಷ್ಟ ಅಂತ ಹೇಳಿ ಮುಗಿಸುವ ಸಂಖ್ಯೆ ಅಲ್ಲ ಇದು. ಬೇರೆ ಏನೋ ಆಗಿದೆ.

ಶಿಳ್ಳೆ_ಟೀಚರ್ (ಧಾರವಾಡ) · 29 ಮೇ 2018

ಏನಾಗಿದೆ ಅಂತ ನಾನು ಹೇಳುತ್ತೇನೆ. ಕಾಲು ಸೋತಿದೆ.

ನಾನು ಇಪ್ಪತ್ತು ವರ್ಷದಿಂದ ಶಾಲೆಯಲ್ಲಿ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ಹೊಸದಾಗಿ ಬಂದವರಿಗೆ ಮೊದಲು ಹೇಳುವುದೇ ಇದು: ಶಾಟ್ ಕೈಯಿಂದ ಹೋಗುವುದಿಲ್ಲ ಮಗಳೇ, ಕಾಲಿನಿಂದ ಹೋಗುತ್ತೆ. ಮಂಡಿ ಬಗ್ಗಬೇಕು, ಹಿಮ್ಮಡಿ ಏಳಬೇಕು. ಆ ಜೋರು ಸೊಂಟಕ್ಕೆ, ಭುಜಕ್ಕೆ, ಮೊಣಕೈಗೆ ಹತ್ತಿ ಕೊನೆಗೆ ಬೆರಳ ತುದಿಗೆ ಬರಬೇಕು. ಕೈ ಬರೀ ದಾರಿ ತೋರಿಸುವುದು. ಕಾಲಿನಲ್ಲಿ ಶಕ್ತಿ ಮುಗಿದಾಗ ಏನಾಗುತ್ತೆ? ಮೈ ಮೇಲೇಳುವುದಿಲ್ಲ, ಕೈ ತಳ್ಳಲು ಶುರು ಮಾಡುತ್ತೆ. ಚೆಂಡು ಎತ್ತರಕ್ಕೆ ಹೋಗದೆ ಚಪ್ಪಟೆಯಾಗಿ ಹೋಗುತ್ತೆ. ರಿಂಗಿನ ಅಗಲ 18 ಇಂಚು. ಚೆಂಡು ಸುಮಾರು ಒಂಬತ್ತೂವರೆ ಇಂಚು. ಮೇಲಿಂದ ಇಳಿದರೆ ಒಳಗೆ ಹೋಗಲು ಬೇಕಾದಷ್ಟು ಜಾಗ. ಚಪ್ಪಟೆಯಾಗಿ ಬಂದರೆ ಅದೇ ರಿಂಗ್ ಚೆಂಡಿಗೆ ಅರ್ಧ ಮುಚ್ಚಿದ ಬಾಗಿಲು. ತ್ರೀ ಗೆರೆ ಎದುರಿನಿಂದ 23 ಅಡಿ 9 ಇಂಚು ದೂರ. ಅಷ್ಟು ದೂರದಿಂದ ಸ್ವಲ್ಪ ಜೋರು ಕಡಿಮೆಯಾದರೂ ಚೆಂಡು ರಿಂಗಿನ ಮುಂದಿನ ಅಂಚಿಗೇ ಬಡಿಯುವುದು.

ಇವತ್ತಿನ ರಿಪ್ಲೇ ಸದ್ದು ಆರಿಸಿ ನೋಡಿ. ಚೆಂಡು ನೋಡಬೇಡಿ. ಗಾರ್ಡನ್ ಕಾಲು ನೋಡಿ, ಅರೀಜಾ ಕಾಲು ನೋಡಿ. ಮೊದಲ ಕ್ವಾರ್ಟರ್‌ನಲ್ಲಿ ಎಷ್ಟು ಎತ್ತರ ಹಾರುತ್ತಿದ್ದರು, ಮೂರನೆಯದರಲ್ಲಿ ಎಷ್ಟು? ನನ್ನ ಕಣ್ಣಿಗೆ ಅದು ಬೇರೆಯದೇ ಶಾಟ್.

ಯಾಕೆ ಸೋತಿತು ಕಾಲು? ಒಂದು, ನಮ್ಮ ಡಿಫೆನ್ಸ್. ಈ ಸರಣಿಯಲ್ಲಿ ಎದುರಾಳಿ ದಾರಿಗೆ ಅಡ್ಡ ನಿಂತಾಗಲೆಲ್ಲ, ಅಂದರೆ ಪ್ರತಿ ಸ್ಕ್ರೀನ್‌ಗೂ, ಕಾಯುವ ಆಳು ಬದಲಾಯಿಸಿಕೊಂಡರು. ಅಂದರೆ ಐದೂ ಜನರಿಗೆ ಬಿಡುವಿಲ್ಲ. ಈಗ ವಾರಿಯರ್ಸ್‌ನ ಕರ್ರಿ ಹಿಂದೆ ಓಡಬೇಕು, ಮರುಕ್ಷಣ ತಮಗಿಂತ ಎತ್ತರದ ಡ್ಯೂರಂಟ್ ಎದುರು ನಿಲ್ಲಬೇಕು. ಅದರಿಂದಲೇ ವಾರಿಯರ್ಸ್ ಅಂಥ ತಂಡವನ್ನು ನಾಲ್ಕನೇ ಪಂದ್ಯದಲ್ಲಿ 92ಕ್ಕೆ, ಐದನೆಯದರಲ್ಲಿ 94ಕ್ಕೆ ಕಟ್ಟಿಹಾಕಿದ್ದು. ಆದರೆ ಅದಕ್ಕೆ ಬೆಲೆ ಕಾಲು ತೆರಬೇಕು.

ಎರಡು, ಐದನೇ ಪಂದ್ಯದಲ್ಲಿ ಗಾಯವಾದ ಮೇಲೆ ನಮ್ಮ ಕ್ರಿಸ್ ಪಾಲ್ ಇಲ್ಲ. ಆತ ಇದ್ದಾಗ ಹಾರ್ಡನ್ ಒಂದಿಷ್ಟು ಹೊತ್ತು ಮೂಲೆಯಲ್ಲಿ ನಿಂತು ಉಸಿರು ಎಳೆದುಕೊಳ್ಳಬಹುದಿತ್ತು. ಗಾರ್ಡನ್ ಬರೀ ಶಾಟ್ ಎಸೆದರೆ ಸಾಕಿತ್ತು. ಆತ ಹೋದ ಮೇಲೆ ಚೆಂಡು ಹೊತ್ತು ತರುವ ಕೆಲಸವೆಲ್ಲ ಇವರಿಬ್ಬರ ಹೆಗಲಿಗೆ. ಬೆಂಚಿನಿಂದ ಬರುವವರೋ ಎರಡು ಮೂರು ಜನ.

ಆರನೇ ಪಂದ್ಯದ ಎರಡನೇ ಅರ್ಧದಲ್ಲಿ ನಾವು ಹಾಕಿದ್ದು 25 ಪಾಯಿಂಟ್, ಅವರು 64. ಇವತ್ತು ಮೂರನೇ ಕ್ವಾರ್ಟರ್‌ನಲ್ಲಿ ನಾವು 15, ಅವರು 33. ಎರಡು ದಿನವೂ ಮೊದಲರ್ಧ ಬಂಗಾರ. ಎರಡು ದಿನವೂ ವಿರಾಮದ ನಂತರ ಕುಸಿತ. ಇದನ್ನು ಅದೃಷ್ಟ ಅಂತ ನಾನು ಒಪ್ಪುವುದಿಲ್ಲ. ಹೆದರಿಕೆ ಅಂತಲೂ ಒಪ್ಪುವುದಿಲ್ಲ. ಅವರು ಹೆದರಿದ್ದರೆ 16ನೆಯದನ್ನು ಎಸೆಯುತ್ತಲೇ ಇರಲಿಲ್ಲ.

ಗೆರೆಯಾಚೆ · 29 ಮೇ 2018

ಟೀಚರ್, ಕಾಲಿನ ಮಾತು ಒಪ್ಪಿದೆ. ಹಾಗಾದರೆ ಕೋಚ್ ತಪ್ಪು ಇನ್ನೂ ದೊಡ್ಡದಾಗುತ್ತೆ ಅಲ್ವಾ? ದಣಿದಿದ್ದಾರೆ ಅಂತ ಗೊತ್ತಿದ್ದ ಮೇಲೆ ಬೆಂಚಿನವರನ್ನು ಇಳಿಸಬೇಕಿತ್ತು. ಇಡೀ ವರ್ಷ ಕೂರಿಸಿಟ್ಟವರನ್ನು ಮೇ ತಿಂಗಳಲ್ಲಿ ನಂಬುವುದು ಹೇಗೆ ಅನ್ನುತ್ತೀರಿ. ಅದಕ್ಕೇ ಜನವರಿಯಲ್ಲೇ ಆಡಿಸಬೇಕಿತ್ತು.

ಶಿಳ್ಳೆ_ಟೀಚರ್ · 29 ಮೇ 2018

ಅದು ನ್ಯಾಯವಾದ ಮಾತು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನ ತಂಡದಲ್ಲೂ ಇದೇ ತಪ್ಪು ನಾನೂ ಮಾಡಿದ್ದೇನೆ. ಚೆನ್ನಾಗಿ ಆಡುವವರನ್ನು ಹೊರಗೆ ಕರೆಯಲು ಕೈ ಬರುವುದಿಲ್ಲ.

ಕೊನೆ_ಬೆಂಚು (ಮಂಗಳೂರು) · 29 ಮೇ 2018

ರೆಫರಿಗಳ ಬಗ್ಗೆ ಯಾರೂ ಯಾಕೆ ಮಾತಾಡುತ್ತಿಲ್ಲ? ಹಾರ್ಡನ್ ತ್ರೀ ಎಸೆಯುವಾಗ ಎಷ್ಟು ಸಲ ಕೈಗೆ ತಾಗಿತು! ನೆಲಕ್ಕೆ ಇಳಿಯಲು ಜಾಗವನ್ನೇ ಬಿಡಲಿಲ್ಲ. ಒಂದಕ್ಕೂ ಶಿಳ್ಳೆ ಇಲ್ಲ.

ಪಿಯರ್‌ಲ್ಯಾಂಡ್_ಅಣ್ಣ · 29 ಮೇ 2018

ಒಂದೆರಡು ನನಗೂ ಫೌಲ್ ಅಂತಲೇ ಕಂಡವು. ಸುತ್ತಲಿದ್ದವರೆಲ್ಲ ಕೂಗಾಡಿದರು. ಆದರೆ ವಾರಿಯರ್ಸ್‌ನ ಕ್ಲೇ ಥಾಂಪ್ಸನ್‌ಗೆ ಮೊದಲ ಕ್ವಾರ್ಟರ್‌ನಲ್ಲೇ ಮೂರು ಫೌಲ್ ಕೊಟ್ಟಿದ್ದೂ ಅದೇ ರೆಫರಿಗಳು. ಆರನೇ ಪಂದ್ಯದಲ್ಲಿ ಒಂಬತ್ತು ತ್ರೀ ಹಾಕಿ 35 ಹೊಡೆದವನು ಅಷ್ಟು ಬೇಗ ಬೆಂಚಿಗೆ ಹೋದದ್ದು ನಮಗೆ ಸಿಕ್ಕ ದೊಡ್ಡ ವರ. ಅದನ್ನು ಎಣಿಸದೆ ಇದನ್ನು ಮಾತ್ರ ಎಣಿಸಿದರೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತೆ.

ಫ್ರೀಮಾಂಟ್_ಹಳದಿ (ಕ್ಯಾಲಿಫೋರ್ನಿಯಾ) · 29 ಮೇ 2018

ನಾನು ವಾರಿಯರ್ಸ್ ಕಡೆಯವನು. ನಿಮ್ಮ ದುಃಖದ ಮನೆಗೆ ಬಂದು ಸಂಭ್ರಮ ಮಾಡಲು ಬಂದಿಲ್ಲ. ಒಂದು ಮಾತು ಹೇಳಿ ಹೋಗುತ್ತೇನೆ.

ಈ ನಾಲ್ಕು ವರ್ಷದಲ್ಲಿ ನಮ್ಮನ್ನು ಇಷ್ಟು ಹೆದರಿಸಿದ ತಂಡಗಳು ಕಡಿಮೆ. ಐದನೇ ಪಂದ್ಯ 98-94ರಲ್ಲಿ ಸೋತ ಮೇಲೆ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಕ್ರಿಸ್ ಪಾಲ್ ಕರ್ರಿ ಎದುರೇ ತ್ರೀ ಹಾಕಿ ಭುಜ ಕುಣಿಸಿದರಲ್ಲ, ಅದು ಕರ್ರಿಯದೇ ಕುಣಿತ. ಅದನ್ನು ಅವರಿಗೇ ತಿರುಗಿಸಿ ಕೊಟ್ಟರು. ಆಗ ನಮ್ಮ ಕಥೆ ಮುಗಿಯಿತು ಅಂದುಕೊಂಡೆ.

ನಮ್ಮಲ್ಲೂ ಇಗುಡಾಲಾ ಮೊಣಕಾಲು ನೋವಿನಿಂದ ನಾಲ್ಕನೇ ಪಂದ್ಯದಿಂದ ಆಡಲಿಲ್ಲ, ಅದನ್ನೂ ನೆನಪಿಡಿ. ಆದರೂ ನಿಜ ಹೇಳಬೇಕೆಂದರೆ, ಅವರಿಲ್ಲದ ನಷ್ಟ ಕ್ರಿಸ್ ಪಾಲ್ ಇಲ್ಲದ ನಷ್ಟಕ್ಕೆ ಸಮ ಅಲ್ಲ. ಪಾಲ್ ಇದ್ದಿದ್ದರೆ ಏನಾಗುತ್ತಿತ್ತು ಅಂತ ನನಗೆ ಗೊತ್ತಿಲ್ಲ. ನಮ್ಮಲ್ಲಿ ಯಾರಾದರೂ ಗೊತ್ತು ಅಂದರೆ ನಂಬಬೇಡಿ.

ಕೆಂಪು_ಜೆರ್ಸಿ · 29 ಮೇ 2018

ಬಂದು ಹೇಳಿದ್ದಕ್ಕೆ ಥ್ಯಾಂಕ್ಸ್ ಸರ್. ಮನಸ್ಸಿಗೆ ಸ್ವಲ್ಪ ಹಗುರಾಯಿತು.

ಗಡ್ಡದ_ಹುಡುಗ (ಹುಬ್ಬಳ್ಳಿ) · 29 ಮೇ 2018

ಹಾರ್ಡನ್‌ನನ್ನು ಬೈಯುವವರು ಇಲ್ಲಿಗೂ ಬರುತ್ತಾರೆ, ಅದಕ್ಕೆ ಮೊದಲೇ ಬರೆಯುತ್ತಿದ್ದೇನೆ. ತ್ರೀಯಲ್ಲಿ 13ಕ್ಕೆ 2, ಒಪ್ಪಿದೆ. ಐದನೇ ಪಂದ್ಯದಲ್ಲಿ 11ಕ್ಕೆ ಸೊನ್ನೆ, ಅದೂ ಒಪ್ಪಿದೆ. ಆದರೂ ಇವತ್ತು 32 ಪಾಯಿಂಟ್ ಹಾಕಿದ್ದಾನೆ. ಇಡೀ ತಂಡದ ಭಾರ ಒಬ್ಬನ ಮೇಲೆ. ಇನ್ನೇನು ಮಾಡಬೇಕಿತ್ತು ಆ ಮನುಷ್ಯ?

ಕೊನೆ_ಬೆಂಚು · 29 ಮೇ 2018

ಗೆಲ್ಲಿಸಬೇಕಿತ್ತು. ಅಷ್ಟೇ.

ಗಡ್ಡದ_ಹುಡುಗ · 29 ಮೇ 2018

ನಿಮ್ಮ ಸಿಟ್ಟು ಅರ್ಥವಾಗುತ್ತೆ ಗುರು. ನನಗೂ ಹೊಟ್ಟೆ ಉರಿಯುತ್ತಿದೆ. ಆದರೆ ಆ ಕಡೆ ಕರ್ರಿ, ಡ್ಯೂರಂಟ್, ಕ್ಲೇ, ಡ್ರೇಮಂಡ್. ಇವತ್ತು ಡ್ಯೂರಂಟ್ 34, ಕರ್ರಿ 27. ಒಬ್ಬ ಸುಸ್ತಾದರೆ ಇನ್ನೊಬ್ಬ. ನಮ್ಮ ಕಡೆ ಆ ಇನ್ನೊಬ್ಬ ಸೂಟ್ ಹಾಕಿಕೊಂಡು ಬೆಂಚಿನಲ್ಲಿ ಕೂತಿದ್ದ.

ರಾತ್ರಿಪಾಳಿ (ಬೆಂಗಳೂರು) · 29 ಮೇ 2018, ರಾತ್ರಿ

ನನಗೆ ಸೋಲಿಗಿಂತ ಜಾಸ್ತಿ ನೋವಾಗಿದ್ದು ಅದೇ, ಕ್ರಿಸ್ ಪಾಲ್ ಮುಖ.

33 ವರ್ಷ. ಲೀಗ್‌ಗೆ ಬಂದು ಹದಿಮೂರು ಸೀಸನ್. ಇದೇ ಮೊದಲ ಸಲ ಕಾನ್ಫರೆನ್ಸ್ ಫೈನಲ್ ಆಡಿದ್ದು. "ಈತ ದೊಡ್ಡ ಆಟ ಗೆಲ್ಲಿಸುವವನಲ್ಲ" ಅಂತ ಎಷ್ಟು ವರ್ಷ ಅನ್ನಿಸಿಕೊಂಡರು. ಹೋದ ಜೂನ್‌ನಲ್ಲಿ ಅವರಿಗಾಗಿ ರಾಕೆಟ್ಸ್ ಏಳು ಆಟಗಾರರನ್ನು ಅವರ ಆಗಿನ ತಂಡ ಕ್ಲಿಪ್ಪರ್ಸ್‌ಗೆ ಬಿಟ್ಟುಕೊಟ್ಟಿತು. ಬೆವರ್ಲಿ, ಲೂ ವಿಲಿಯಮ್ಸ್, ಹ್ಯಾರೆಲ್ ಎಲ್ಲ ಹೋದರು. ಇಬ್ಬರಿಗೂ ಚೆಂಡು ಕೈಯಲ್ಲೇ ಬೇಕು, ಹಾರ್ಡನ್ ಜೊತೆ ಹೇಗೆ ಹೊಂದುತ್ತಾರೆ ಅಂತ ಎಲ್ಲರೂ ಅನುಮಾನಪಟ್ಟರು. ಹೊಂದಿಕೊಂಡರು. ಎಷ್ಟು ಚೆನ್ನಾಗಿ ಹೊಂದಿಕೊಂಡರು ಅಂದರೆ 65 ಗೆಲುವು ಬಂತು.

ಐದನೇ ಪಂದ್ಯದಲ್ಲಿ 20 ಪಾಯಿಂಟ್ ಹಾಕಿದರು. ಹಾರ್ಡನ್ ಶಾಟ್ ಬೀಳದ ದಿನ ತಂಡವನ್ನು ಹೊತ್ತು ನಡೆದರು. ಕೊನೆಯ ನಿಮಿಷ. ಶಾಟ್ ಎಸೆದು ಇಳಿದವರು ಬಲಗಾಲಿನ ತೊಡೆಯ ಹಿಂಬದಿ ಹಿಡಿದುಕೊಂಡರು. ನಾನು ಪಾಳಿ ಮುಗಿಸಿ ಬಂದು ಫೋನ್‌ನಲ್ಲಿ ನೋಡುತ್ತಿದ್ದೆ. ಗೆದ್ದ ಖುಷಿಯೇ ಆಗಲಿಲ್ಲ, ಎದೆ ಧಸಕ್ ಅಂದಿತು. ಆ ನೋವು ಎರಡು ದಿನದಲ್ಲಿ ಹೋಗುವುದಲ್ಲ. ನನ್ನ ತಮ್ಮನಿಗೆ ಕಬಡ್ಡಿಯಲ್ಲಿ ಅದೇ ಜಾಗದಲ್ಲಿ ಆಗಿತ್ತು, ಮೆಟ್ಟಿಲು ಹತ್ತಲು ಮೂರು ವಾರ ಬೇಕಾಯಿತು.

ಇವತ್ತು ಪ್ರತಿ ಟೈಮ್‌ಔಟ್‌ಗೂ ಎದ್ದು ನಿಲ್ಲುತ್ತಿದ್ದರು, ಎಲ್ಲರ ಬೆನ್ನು ತಟ್ಟುತ್ತಿದ್ದರು, ಏನೋ ಹೇಳಿಕೊಡುತ್ತಿದ್ದರು. ಆಟಕ್ಕೆ ಇಳಿಯುವ ಹಾಗಿಲ್ಲ. ಅದನ್ನು ನೋಡಲು ಆಗಲಿಲ್ಲ ನನಗೆ.

94ರ_ಸಾಕ್ಷಿ (ಹ್ಯೂಸ್ಟನ್) · 30 ಮೇ 2018

ನಾನು ಇಲ್ಲಿ ಎಲ್ಲರಿಗಿಂತ ಹಿರಿಯ ಅಂತ ಕಾಣುತ್ತೆ. ಓದಲು ಬಂದು ಈ ಊರಲ್ಲೇ ಉಳಿದವನು. ಅರೀಜಾ ಬಗ್ಗೆ ಯಾರೂ ಒಳ್ಳೆಯ ಮಾತು ಬರೆದಿಲ್ಲ. ನಾನು ಬರೆಯುತ್ತೇನೆ.

ನಿನ್ನೆ ಅರೀಜಾ 12 ಶಾಟ್ ಎಸೆದರು, ಒಂದೂ ಬೀಳಲಿಲ್ಲ. ಅದರಲ್ಲಿ ಒಂಬತ್ತು ತ್ರೀ. ಇವತ್ತು ಇಲ್ಲಿ ರೇಡಿಯೊ ಹಾಕಿದರೆ ಸಾಕು, ಅವರದೇ ಹೆಸರು, ಅದೂ ಬೈಗುಳದಲ್ಲಿ. ಕಾರಿನಲ್ಲಿ ಆರಿಸಿಬಿಟ್ಟೆ.

1994ರ ಜೂನ್ ನೆನಪಾಯಿತು. ರಾಕೆಟ್ಸ್‌ಗೆ ಮೊದಲ ಕಪ್ ಬಂದ ವರ್ಷ. ನ್ಯೂಯಾರ್ಕ್ ನಿಕ್ಸ್ ಮೇಲೆ ಫೈನಲ್ಸ್. ಆರನೇ ಪಂದ್ಯದಲ್ಲಿ ಅವರ ಜಾನ್ ಸ್ಟಾರ್ಕ್ಸ್ 27 ಹೊಡೆದಿದ್ದರು. ಕೊನೆಯ ಕ್ಷಣದ ತ್ರೀ ಬಿದ್ದಿದ್ದರೆ ಕಪ್ ಅವರದೇ. ನಮ್ಮ ಹಕೀಮ್ ಒಲಾಜುವಾನ್ ಬೆರಳ ತುದಿಯಲ್ಲಿ ಅದನ್ನು ತಡೆದರು. 86-84. ಏಳನೇ ಪಂದ್ಯದಲ್ಲಿ ಅದೇ ಸ್ಟಾರ್ಕ್ಸ್ 18 ಶಾಟ್ ಎಸೆದು 2 ಹಾಕಿದರು. ತ್ರೀಯಲ್ಲಿ 11ಕ್ಕೆ ಸೊನ್ನೆ. ಕೋಚ್ ಪ್ಯಾಟ್ ರೈಲಿ ಅವರನ್ನು ಹೊರಗೆ ಕರೆಯಲಿಲ್ಲ. 90-84, ನಾವು ಗೆದ್ದೆವು.

ಅವತ್ತು ಬಾಡಿಗೆ ಮನೆಯಲ್ಲಿ ಆರು ಜನ ಹುಡುಗರು ಒಂದು ಸಣ್ಣ ಟಿವಿ ಮುಂದೆ ಕೂತಿದ್ದೆವು. ಸ್ಟಾರ್ಕ್ಸ್ ಒಂದೊಂದು ತಪ್ಪಿಸಿದಾಗಲೂ ನೆಲಕ್ಕೆ ಕೈ ಬಡಿದು ಕುಣಿದಿದ್ದೆವು. ಆ ಮನುಷ್ಯ ಆಮೇಲೆ ಎಷ್ಟು ವರ್ಷ ಆ ರಾತ್ರಿಯನ್ನು ಹೊತ್ತು ತಿರುಗಬೇಕಾಯಿತು ಅಂತ ಆಗ ಯೋಚನೆ ಬರಲಿಲ್ಲ. ವಯಸ್ಸು ಹಾಗಿತ್ತು. ನಿನ್ನೆ ಅರೀಜಾ ತಲೆ ತಗ್ಗಿಸಿ ಹಿಂದಕ್ಕೆ ಓಡುವಾಗ ಸ್ಟಾರ್ಕ್ಸ್ ಮುಖವೇ ಕಣ್ಣ ಮುಂದೆ ಬಂತು.

ಸರಣಿ ಪೂರ್ತಿ ಡ್ಯೂರಂಟ್ ಎದುರು ನಿಂತವರಲ್ಲಿ ಅರೀಜಾ ಮುಖ್ಯ. ಶಾಟ್ ಬೀಳದಿದ್ದರೂ ಒಂದು ಸಲವೂ ಡಿಫೆನ್ಸ್‌ನಲ್ಲಿ ಕಾಲೆಳೆಯಲಿಲ್ಲ. 2009ರಲ್ಲಿ ಲೇಕರ್ಸ್ ಜೊತೆ ಕಪ್ ಎತ್ತಿದವರು ಅವರು. ಈ ಒಂದು ರಾತ್ರಿಗೆ ಅವರನ್ನು ಕಟ್ಟಿಹಾಕಬೇಡಿ, ಕೈಮುಗಿದು ಕೇಳುತ್ತೇನೆ.

ಶಿಳ್ಳೆ_ಟೀಚರ್ · 30 ಮೇ 2018

ಹಿರಿಯರೇ, ಇದನ್ನು ನಾಳೆ ನನ್ನ ಹುಡುಗಿಯರಿಗೆ ಓದಿ ಹೇಳುತ್ತೇನೆ. ಬೇಸಿಗೆ ಶಿಬಿರ ಇನ್ನೂ ನಡೆಯುತ್ತಿದೆ.

ಹೋದ ಜುಲೈನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಹದಿನಾಲ್ಕು ಜನರನ್ನು ಬಸ್‌ನಲ್ಲಿ ಕರೆದುಕೊಂಡು ಹೋಗಿದ್ದೆ. ಏಷ್ಯಾ ಕಪ್ ಬಿ ಡಿವಿಷನ್ ಫೈನಲ್. ಭಾರತದ ಹುಡುಗಿಯರು ಕಜಕಸ್ತಾನದ ಮೇಲೆ 75-73ರಲ್ಲಿ ಗೆದ್ದರು. ಎರಡೇ ಪಾಯಿಂಟ್. ವಾಪಸ್ ಬರುವಾಗ ಬಸ್‌ನಲ್ಲಿ ಎಲ್ಲರೂ ಹಾಡುತ್ತಿದ್ದರು. ಒಬ್ಬಳು ಮಾತ್ರ ಕಿಟಕಿ ಪಕ್ಕ ಸುಮ್ನೆ ಕೂತಿದ್ದಳು. ಯಾಕಮ್ಮ ಅಂದೆ. "ಮಿಸ್, ಆ ಕಜಕಸ್ತಾನದ ಅಕ್ಕ ಅಳ್ತಾ ಇದ್ರು" ಅಂದಳು. ಹನ್ನೆರಡು ವರ್ಷದ ಹುಡುಗಿ.

ಲೆಕ್ಕದ_ಪುಸ್ತಕ · 30 ಮೇ 2018

ಟೀಚರ್ ಹೇಳಿದ ಹಾಗೆ ರಿಪ್ಲೇ ಸದ್ದು ಆರಿಸಿ ನೋಡಿದೆ, ಕಾಲು ಮಾತ್ರ. ಮೊದಲ ಕ್ವಾರ್ಟರ್ ಒಮ್ಮೆ, ಮೂರನೆಯದು ಒಮ್ಮೆ. ಇನ್ನು ಮೇಲೆ ಬರೀ ಅಂಕಿ ಹಿಡಿದು ವಾದ ಮಾಡುವುದಿಲ್ಲ. ಅದರಲ್ಲೂ ಗಾರ್ಡನ್. ತ್ರೀಯಲ್ಲಿ 12ಕ್ಕೆ 2 ಅಂತ ಬರೆದುಕೊಂಡಿದ್ದೆ. ಕೊನೆಯ ಹೊತ್ತಿಗೆ ಆತ ಆಟ ನಿಂತಾಗಲೆಲ್ಲ ಚಡ್ಡಿಯ ಅಂಚು ಹಿಡಿದು ಬಗ್ಗಿ ನಿಲ್ಲುತ್ತಿದ್ದಾನೆ. ಅದು ನನ್ನ ಪುಸ್ತಕದಲ್ಲಿ ಇರಲಿಲ್ಲ.

ಕೊನೆ_ಬೆಂಚು · 30 ಮೇ 2018

ನಿನ್ನೆ ಹಾರ್ಡನ್ ಬಗ್ಗೆ ಒರಟಾಗಿ ಬರೆದೆ. ಸಿಟ್ಟಿನಲ್ಲಿ ಬರೆದದ್ದು. ಗಡ್ಡದ_ಹುಡುಗ, ಬೇಜಾರು ಮಾಡಿಕೊಳ್ಳಬೇಡ.

ಗಡ್ಡದ_ಹುಡುಗ · 30 ಮೇ 2018

ಇಲ್ಲ ಗುರು. ಮುಂದಿನ ವರ್ಷ ಒಟ್ಟಿಗೆ ನೋಡೋಣ.

ಕೆಂಪು_ಜೆರ್ಸಿ · 3 ಜುಲೈ 2018

ಅರೀಜಾ ಫೀನಿಕ್ಸ್‌ಗೆ ಹೋಗುತ್ತಿದ್ದಾರೆ. ಸುದ್ದಿ ನೋಡಿದಿರಾ? ಡ್ಯೂರಂಟ್ ಎದುರು ಇನ್ನು ಯಾರು ನಿಲ್ಲುತ್ತಾರೆ?

94ರ_ಸಾಕ್ಷಿ · 3 ಜುಲೈ 2018

ಒಳ್ಳೆಯದಾಗಲಿ ಅವರಿಗೆ. ಆದರೆ ನಮಗೆ ದೊಡ್ಡ ನಷ್ಟ. ಅವರ ಬೆಲೆ ಚಳಿಗಾಲದಲ್ಲಿ ಗೊತ್ತಾಗುತ್ತೆ ನೋಡಿ.

ಗಡ್ಡದ_ಹುಡುಗ · 11 ಮೇ 2019

ಮತ್ತೆ ವಾರಿಯರ್ಸ್. ಮತ್ತೆ ನಮ್ಮದೇ ಅಂಗಳ. ಆರನೇ ಪಂದ್ಯ, 118-113. ಈ ಸಲ ಡ್ಯೂರಂಟ್ ಗಾಯವಾಗಿ ಆಡಿಯೇ ಇಲ್ಲ. ಕರ್ರಿಗೆ ಮೊದಲರ್ಧದಲ್ಲಿ ಸೊನ್ನೆ. ಎರಡನೇ ಅರ್ಧದಲ್ಲಿ 33.

ಹೋದ ವರ್ಷದ ಹಾಗೆ ಅಳು ಬರಲಿಲ್ಲ. ಸುಮ್ನೆ ಫೋನ್ ಪಕ್ಕಕ್ಕಿಟ್ಟು ಅಂಗಡಿ ಬಾಗಿಲು ತೆಗೆದೆ.

ರಾತ್ರಿಪಾಳಿ · 12 ಜುಲೈ 2019

ಕ್ರಿಸ್ ಪಾಲ್ ಅವರನ್ನು ಒಕ್ಲಹೋಮಾಗೆ ಕಳಿಸಿದರು. ವೆಸ್ಟ್‌ಬ್ರೂಕ್ ಬರುತ್ತಾನಂತೆ. ಎರಡೇ ಸೀಸನ್‌ಗೆ ಮುಗಿಯಿತು. ನನಗೆ ಬರೆಯಲು ಮಾತೇ ಬರುತ್ತಿಲ್ಲ.

ಪಿಯರ್‌ಲ್ಯಾಂಡ್_ಅಣ್ಣ · 14 ಜನವರಿ 2021

ಹಾರ್ಡನ್ ಕೂಡ ಹೋದ, ಬ್ರೂಕ್ಲಿನ್‌ಗೆ. ಕೋಚ್ ಡಿಆಂಟೊನಿ, ಜನರಲ್ ಮ್ಯಾನೇಜರ್ ಮೋರಿ ಹೋದ ವರ್ಷವೇ ಹೋದರು. ಕಪೇಲಾ, ಟಕರ್, ಗಾರ್ಡನ್ ಅಂತ ಎಣಿಸುತ್ತಾ ಕೂತರೆ ಆ ರಾತ್ರಿ ಆಡಿದವರಲ್ಲಿ ಟಕರ್, ಗಾರ್ಡನ್ ಬಿಟ್ಟರೆ ಯಾರೂ ಇಲ್ಲಿ ಉಳಿದಿಲ್ಲ. ಮನೆ ಖಾಲಿಯಾದ ಹಾಗಿದೆ.

ನನ್ನ ದೊಡ್ಡ ಮಗ ಅವತ್ತು ಹಾಕಿಕೊಂಡಿದ್ದ ಕೆಂಪು ಟೀ ಶರ್ಟ್ ಈಗ ಚಿಕ್ಕವನಿಗೆ ಸರಿಹೋಗುತ್ತಿದೆ. ಅವನಿಗೆ ಆ ಪಂದ್ಯ ನೆನಪೇ ಇಲ್ಲ, ನನ್ನ ತೊಡೆ ಮೇಲೆ ನಿದ್ದೆ ಮಾಡಿದ್ದ.

ರಾತ್ರಿಪಾಳಿ · 6 ಜುಲೈ 2021

ಯಾರಾದರೂ ಇದ್ದೀರಾ ಇನ್ನೂ?

ಕ್ರಿಸ್ ಪಾಲ್ ಫೈನಲ್ಸ್ ತಲುಪಿದರು! ಹದಿನಾರನೇ ಸೀಸನ್, 36 ವರ್ಷ, ಮೊದಲ ಸಲ. ಫೀನಿಕ್ಸ್ ಸನ್ಸ್ ಜೆರ್ಸಿಯಲ್ಲಿ. ಕಾನ್ಫರೆನ್ಸ್ ಫೈನಲ್‌ನ ಆರನೇ ಪಂದ್ಯದಲ್ಲಿ 41 ಹೊಡೆದರು, ಅದೂ ತಮ್ಮ ಹಳೆಯ ಕ್ಲಿಪ್ಪರ್ಸ್ ಮೇಲೆ. ಈ ಸಲ ಕಾಲು ಗಟ್ಟಿಯಾಗಿತ್ತು ಟೀಚರ್, ಕೊನೆಯವರೆಗೂ. ಕಾಲನ್ನೇ ನೋಡುತ್ತಿದ್ದೆ.

ನಾಳೆ ಬೆಳಿಗ್ಗೆ ಆರೂವರೆಗೆ ಮೊದಲ ಪಂದ್ಯ, ಮಿಲ್ವಾಕಿ ಬಕ್ಸ್ ಮೇಲೆ. ಅಲ್ಲಿ ನಮ್ಮ ಟಕರ್ ಇದ್ದಾರೆ, ಈ ಮಾರ್ಚ್‌ನಲ್ಲಿ ಹೋದದ್ದು. ಯಾರಿಗೆ ಕೂಗುವುದು ಅಂತ ಒಂದು ವಾರದಿಂದ ಯೋಚಿಸಿ ಪಾಲ್‌ಗೇ ಅಂತ ಮಾಡಿಕೊಂಡೆ. ಯಾರ್ಯಾರು ಏಳುತ್ತೀರಿ?

ಶಿಳ್ಳೆ_ಟೀಚರ್ · 6 ಜುಲೈ 2021

ನಾನು ಐದಕ್ಕೇ ಏಳುವವಳು. ಇರುತ್ತೇನೆ.

94ರ_ಸಾಕ್ಷಿ · 6 ಜುಲೈ 2021

ಇಲ್ಲಿ ರಾತ್ರಿ ಎಂಟು ಗಂಟೆ. ಊಟ ಬೇಗ ಮುಗಿಸಿ ಕೂರುತ್ತೇನೆ.

ಕೊನೆ_ಬೆಂಚು · 6 ಜುಲೈ 2021

ನಾನು ಟಕರ್ ಕಡೆ. ಅವತ್ತು ಆ ಒಂದು ತ್ರೀ ಹಾಕಿದ್ದು ಅವರೇ, ಮರೆಯೋದಿಲ್ಲ.

ಕೆಂಪು_ಜೆರ್ಸಿ · 6 ಜುಲೈ 2021

ಅಲಾರಂ ಇಟ್ಟಾಯಿತು. ಮಗಳೂ ಏಳುತ್ತಾಳಂತೆ. ಈಗ ಅವಳಿಗೆ ಹನ್ನೆರಡು, ಅಪಾರ್ಟ್‌ಮೆಂಟ್ ಕೋರ್ಟ್‌ನಲ್ಲಿ ದಿನಾ ಸಂಜೆ ಆಡುತ್ತಾಳೆ. ಪೆನ್ಸಿಲ್ ತೆಗೆದಿಡಲಾ ಅಂತ ಕೇಳಿದೆ. ಬೇಡ ಅಪ್ಪ, ಈ ಸಲ ಬಿದ್ದದ್ದನ್ನು ಎಣಿಸೋಣ ಅಂದಳು.